ಮಳೆಗೆ ಕಟ್ಟಳೆಯುಂಟೆ?
ಕಂಬಂ ಕಣಿವೆ ಮತ್ತು ದಿಂಡಿಗಲ್ಲು ಸೀಮೆಯ ಒಂದೂವರೆ ಶತಮಾನ

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಪಟ್ಟಣದಲ್ಲಿ ದೇವರಿಗೆ ಬಿಟ್ಟ ದನಗಳ ಒಂದು ಮಂದೆಯಿದೆ. ತಮಿಳರು ಅದನ್ನು ‘ತಂಬಿರಾನ್ ಮಾಡು’ ಎಂದು ಕರೆಯುತ್ತಾರೆ. ತಲೆಮಾರುಗಳಿಂದ ಅದನ್ನು ಕಾಪಾಡಿಕೊಂಡು ಬಂದಿರುವ ಕಪ್ಪಿಲಿಯ ಒಕ್ಕಲಿಗರ ಮನೆಮಾತಿನಲ್ಲಿ ಅದು ‘ದೇವರಾವು’. ‘ಆವು’ ಎಂದರೆ ಹಸು. ನಾವು ಇಂದು ಹಳಗನ್ನಡದ ಪಾಠದಲ್ಲಿ ಮಾತ್ರ ಕಾಣುವ ಈ ಮಾತು ಸಹ್ಯಾದ್ರಿಯ ಮೂಡಣ ತಪ್ಪಲಿನ ಒಂದು ದೊಡ್ಡಿಯಲ್ಲಿ ಜೀವಂತವಾಗಿ ಉಳಿದುಬಂದಿತು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿಬುಡಕಟ್ಟುಗಳ ಸಂಪುಟಗಳಲ್ಲಿ ಈ ಮಂದೆಯ ವರ್ಣನೆಯಿದೆ. ಮಂದೆಗೊಂದು ಪಟ್ಟದ ಹೋರಿ. ಅದು ಕಾಲವಾದಾಗ ಮಂದೆಯ ಮುಂದೆ ಕಬ್ಬಿನ ಹೊರೆಯಿಟ್ಟು, ಅದಕ್ಕೆ ಮೊದಲು ಬಾಯಿಹಚ್ಚುವ ಹೋರಿಗೆ ಪಟ್ಟಕಟ್ಟುವ ಸಂಪ್ರದಾಯ.

ಸಂಘದ ಸ್ಮರಣ ಸಂಚಿಕೆಗೆ ಬರೆಯಲು ಕುಳಿತಾಗ ಈ ಮಂದೆ ನೆನಪಾದದ್ದಕ್ಕೆ ಕಾರಣವುಂಟು. ಈಚಿನ ವರ್ಷಗಳಲ್ಲಿ ನಮ್ಮ ಮನೆಗಳ ಕಿರಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಬಿರುಗಾಳಿ, ಅತಿವೃಷ್ಟಿ, ಬರ, ಬಿಸಿಗಾಳಿಗಳು ಹೆಚ್ಚುತ್ತಿವೆ ಎನ್ನುತ್ತಾರೆ. ಸರ್ಕಾರಗಳು ಹವಾಮಾನದ ಹೆಸರಿನಲ್ಲಿ ಕಾನೂನುಗಳನ್ನು ಮಾಡುತ್ತಲೇ ಇವೆ. ಕಾಗದದ ಮೇಲಿನ ಕಟ್ಟಳೆಗೆ ಮುಗಿಲು ಕಿವಿಗೊಡುವುದುಂಟೆ? ಇದಕ್ಕೆ ‘ಹೌದು’ ಎನ್ನುವವರೂ ‘ಇಲ್ಲ’ ಎನ್ನುವವರೂ ಪ್ರಶ್ನೆಯನ್ನು ಹೊಸದೆಂದೇ ಭಾವಿಸುತ್ತಾರೆ. ನಿಜದಲ್ಲಿ ಇದು ಹಳೆಯ ಪ್ರಶ್ನೆ. ಕಂಬಂ ಕಣಿವೆಯಲ್ಲೂ ಅದರ ಬಡಗಣ ದಿಂಡಿಗಲ್ಲು ಸೀಮೆಯಲ್ಲೂ ಸರ್ಕಾರಗಳು ಸುಮಾರು ನೂರೈವತ್ತು ವರ್ಷಗಳಿಂದ ಮಳೆಯೊಡನೆ ವ್ಯವಹರಿಸಲು ಪ್ರಯತ್ನಿಸುತ್ತ ಬಂದಿವೆ. ಆ ಪ್ರಯತ್ನಗಳ ಬೆಲೆಯನ್ನು ತೆತ್ತವರಲ್ಲಿ ಕನ್ನಡ ಮನೆಮಾತಿನ ದನಗಾಹಿಗಳೂ ಇದ್ದಾರೆ.

ಮೊದಲು ನೆಲದ ಪರಿಚಯ. ಕಂಬಂ ಕಣಿವೆಯ ಪಡುವಣ ಗೋಡೆ ಕೇರಳದ ಇಡುಕ್ಕಿಯ ಮಲೆಗಳು. ಮೂಡಣದ್ದು ಮೇಘಮಲೆ ಮತ್ತು ವರುಷನಾಡು ಬೆಟ್ಟಗಳು. ಬಡಗಣಕ್ಕೆ ಪಳನಿ ಬೆಟ್ಟಸಾಲು, ಅದರ ನೆತ್ತಿಯಲ್ಲಿ ಕೊಡೈಕನಾಲ್. ಮುಂಗಾರಿನ ಮೋಡಗಳು ತಮ್ಮ ಭಾರವನ್ನೆಲ್ಲ ಮಲೆಯ ಆಚೆಗೆ ಕೇರಳದ ಮೇಲೆ ಇಳಿಸಿ, ಈಚೆಗೆ ಬರಿಗಾಳಿಯಾಗಿ ಬೀಸುತ್ತವೆ. ಆ ಗಾಳಿ ಎಷ್ಟು ಬಲವಾದದ್ದೆಂದರೆ ಇಂದು ತೇನಿ, ಆಂಡಿಪಟ್ಟಿಗಳ ಬಯಲಿನಲ್ಲಿ ಸಾಲುಸಾಲು ಗಾಳಿಯಂತ್ರಗಳು ತಿರುಗುತ್ತಿವೆ. ಕಣಿವೆಯ ಜನ ಹಿಂಗಾರನ್ನೂ ಬೆಟ್ಟದಿಂದ ಇಳಿಯುವ ತೊರೆಗಳನ್ನೂ ನಂಬಿದವರು. ವಿಜಯನಗರದ ಕಾಲದಲ್ಲಿ ಇಲ್ಲಿಗೆ ಬಂದವರೆಂದು ಹೇಳಿಕೊಳ್ಳುವ ಕಪ್ಪಿಲಿಯರು, ಅನುಪ್ಪರು ಮೊದಲಾದ ಕನ್ನಡ ಮನೆಮಾತಿನ ಒಕ್ಕಲುಗಳಿಗೆ ಬೇಸಾಯದಷ್ಟೇ ದನವೂ ಆಸ್ತಿ. ಬೇಸಗೆಯಲ್ಲಿ ದನಕ್ಕೆ ಬೆಟ್ಟದ ಹುಲ್ಲೇ ಗತಿ. ದಿಂಡಿಗಲ್ಲಂತೂ ಮೈಸೂರಿನ ಇತಿಹಾಸ ಓದಿದವರಿಗೆ ಹೊಸ ಹೆಸರಲ್ಲ. 1755ರಲ್ಲಿ ಹೈದರಾಲಿ ಅಲ್ಲಿನ ಫೌಜುದಾರನಾಗಿದ್ದ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅದನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು.

ಕಥೆ ಆರಂಭವಾಗುವುದು ಒಂದು ಬರದಿಂದ. 1876ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. ಮರುವರ್ಷದ ಮುಂಗಾರೂ ಬರಲಿಲ್ಲ. ತಮಿಳರು ಅದನ್ನು ಧಾತು ವರ್ಷದ ಪಂಜವೆಂದು ನೆನೆಯುತ್ತಾರೆ. ಮೈಸೂರು ಸೀಮೆಯಲ್ಲಿ ಅದೇ ಧಾತು–ಈಶ್ವರ ಸಂವತ್ಸರಗಳ ಕ್ಷಾಮ. ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಸುಮಾರು ಐದರಲ್ಲೊಂದು ಪಾಲನ್ನು, ಎಂದರೆ ಹತ್ತು ಲಕ್ಷದಷ್ಟು ಜನರನ್ನು ಕಳೆದುಕೊಂಡಿತು. ಮದ್ರಾಸ್ ಆಧಿಪತ್ಯದಲ್ಲಿ ಸತ್ತವರು ಅದಕ್ಕಿಂತಲೂ ಎಷ್ಟೋ ಹೆಚ್ಚು. ಆಗ ಯಾರಿಗೂ ತಿಳಿಯದಿದ್ದ ಸಂಗತಿಯೆಂದರೆ, ಅದೇ ಕಾಲದಲ್ಲಿ ಶಾಂತಸಾಗರದ ನೀರು ಅಸಾಧಾರಣವಾಗಿ ಕಾದಿತ್ತು. ಇಂದು ‘ಎಲ್ ನಿನೋ’ ಎಂದು ಕರೆಯುವ ಆ ವಿದ್ಯಮಾನದ ಕೈವಾಡದಿಂದ ಉತ್ತರ ಚೀನದಲ್ಲೂ ಬ್ರೆಜಿಲಿನ ಈಶಾನ್ಯದಲ್ಲೂ ಅದೇ ವರ್ಷಗಳಲ್ಲಿ ಹೊಲಗಳು ಒಣಗಿದವು.

ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮಳೆ ತಪ್ಪಿದ್ದು ಸಮುದ್ರದ ಮತ್ತು ಗಾಳಿಯ ಕೆಲಸ. ಲಕ್ಷಗಟ್ಟಲೆ ಜನ ಸತ್ತದ್ದು ಆಡಳಿತದ ಕೆಲಸವೂ ಹೌದು. ಬರಗಾಲದ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಒಂದಾಣೆಯೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಕೂಲಿ ಗೊತ್ತುಪಡಿಸಿದ. ಮದ್ರಾಸಿನ ವೈದ್ಯಾಧಿಕಾರಿಗಳೇ ಅದನ್ನು ವಿರೋಧಿಸಿದರು. ಸರ್ಕಾರದ ಕಟ್ಟಳೆಯೊಂದು ಬರಗಾಲದ ಪರಿಣಾಮವನ್ನು ಹೆಚ್ಚಿಸಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೆಚ್ಚಿಸಬಲ್ಲುದಾದರೆ ತಗ್ಗಿಸಲೂ ಬಲ್ಲದಲ್ಲವೆ ಎಂಬ ತರ್ಕ ಕ್ಷಾಮ ಮುಗಿದ ಮೇಲೆ ಬ್ರಿಟಿಷ್ ಅಧಿಕಾರಿಗಳಿಗೂ ಹೊಳೆಯಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಈ ಸೀಮೆಯಲ್ಲಿ ಮೂರು ಕಾರ್ಯಗಳು ನಡೆದವು: ಕಾಡಿಗೆ ಕಾನೂನು, ನದಿಗೆ ಅಣೆಕಟ್ಟು, ಸೂರ್ಯನಿಗೆ ದೂರದರ್ಶಕ.

ಕಾಡಿನ ಕಾನೂನಿನ ಹಿಂದೆ ಒಂದು ನಂಬಿಕೆಯಿತ್ತು. ಮರಗಳು ಮಳೆಯನ್ನು ಕರೆಯುತ್ತವೆ, ಮರ ಕಡಿದರೆ ದೇಶ ಒಣಗುತ್ತದೆ ಎಂಬುದು ಆ ನಂಬಿಕೆ. ಮದ್ರಾಸಿನ ಸೇನಾವೈದ್ಯ ಎಡ್ವರ್ಡ್ ಬಾಲ್ಫೋರ್ 1849ರಲ್ಲಿಯೇ ಮರಗಳಿಗೂ ಮಳೆಗೂ ಇರುವ ಸಂಬಂಧವನ್ನು ಕುರಿತು ಲೇಖನ ಬರೆದಿದ್ದ. ಮದ್ರಾಸ್ ಅರಣ್ಯ ಇಲಾಖೆಗೆ ಬುನಾದಿ ಹಾಕಿದ ಹ್ಯೂ ಕ್ಲೆಗ್‌ಹಾರ್ನ್ ಕಾಡಿನ ನಾಶವನ್ನು ಮೊದಲು ಕಣ್ಣಾರೆ ಕಂಡದ್ದು ನಮ್ಮ ಶಿವಮೊಗ್ಗದಲ್ಲಿ, 1840ರ ದಶಕದಲ್ಲಿ ಅಲ್ಲಿ ವೈದ್ಯನಾಗಿದ್ದಾಗ. ಆದರೂ ಇಡೀ ಆಧಿಪತ್ಯಕ್ಕೆ ಕಾಡಿನ ಕಾನೂನು ಮಾಡಲು ಮದ್ರಾಸಿನ ರೆವೆನ್ಯೂ ಬೋರ್ಡು ಬಹುಕಾಲ ಒಪ್ಪಲಿಲ್ಲ. ಊರವರಿಗೆ ಸೌದೆ, ಸೊಪ್ಪು, ಮೇವುಗಳ ಮೇಲೆ ಅನಾದಿಯಿಂದ ಹಕ್ಕಿದೆ, ಅದನ್ನು ಕಿತ್ತುಕೊಳ್ಳಲಾಗದು ಎಂಬುದು ಅದರ ನಿಲುವು. ವಸಾಹತುಶಾಹಿ ಕಡತಗಳಲ್ಲಿ ಇಂಥ ಮಾತು ಅಪರೂಪ, ಕಂಡಾಗ ಗುರುತಿಸಬೇಕು. ಕ್ಷಾಮದ ಅನಂತರ ಆ ವಿರೋಧ ಕುಸಿಯಿತು. ಡೀಟ್ರಿಚ್ ಬ್ರಾಂಡಿಸ್ ಮದ್ರಾಸಿಗೆ ಬಂದ; 1882ರಲ್ಲಿ ಮದ್ರಾಸ್ ಅರಣ್ಯ ಕಾಯಿದೆ ಜಾರಿಗೆ ಬಂತು.

ಅದರಿಂದ ಮಳೆ ಹೆಚ್ಚಿತೆ? ಕಾಡು ತನ್ನ ಬೇರುಗಳಿಂದ ನೀರನ್ನೆತ್ತಿ ಗಾಳಿಗೆ ತೇವವನ್ನು ಸೇರಿಸುತ್ತದೆ, ವಿಶಾಲವಾದ ಕಾಡುಗಳು ಮಳೆಯ ಮೇಲೆ ಪ್ರಭಾವ ಬೀರುತ್ತವೆ ಎಂಬುದನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ. ಆದರೆ ಒಂದು ತಾಲ್ಲೂಕಿನ ಬೆಟ್ಟಕ್ಕೆ ಬೇಲಿ ಹಾಕಿದ ಮಾತ್ರಕ್ಕೆ ಅರಬ್ಬೀ ಸಮುದ್ರದಿಂದ ಹೊರಡುವ ಮುಂಗಾರು ಬದಲಾಗದು. ಕಾಡಿನ ಕಾನೂನಿಂದಾದ ನಿಜವಾದ ಲಾಭ ಬೇರೆ ರೀತಿಯದು. ಮೇಘಮಲೆಯ ಸೋಲೆಕಾಡುಗಳು ಬಿದ್ದ ಮಳೆಯನ್ನು ಹೀರಿ ಇಟ್ಟುಕೊಂಡು ತಿಂಗಳುಗಟ್ಟಲೆ ಹನಿಹನಿಯಾಗಿ ಬಿಡುತ್ತವೆ. ಇಳಿಜಾರಿನ ಮಣ್ಣನ್ನು ಹಿಡಿದಿಡುತ್ತವೆ. ವೈಗೈ ನದಿಯ ಮೊದಲ ತೊರೆಗಳು ಬದುಕಿರುವುದು ಅದರಿಂದ. ಮಳೆಯನ್ನು ತರಿಸುವ ಆಸೆಯಿಂದ ಹುಟ್ಟಿದ ಕಾನೂನು ಮಳೆಯನ್ನು ತರಿಸದೆ, ಬಂದ ಮಳೆ ಪ್ರವಾಹವಾಗದಂತೆ ನೋಡಿಕೊಂಡಿತು.

ಬೆಲೆಯನ್ನು ತೆತ್ತವರು ತಪ್ಪಲಿನವರು. ಮೇವಿಗೆ ಶುಲ್ಕ, ಚೀಟಿ, ದಂಡ, ದೊಡ್ಡಿಗೆ ಹಾಕಿದ ದನವನ್ನು ಬಿಡಿಸಿಕೊಳ್ಳಲು ಓಡಾಟ ಇವೆಲ್ಲ ಆ ಕಾಲದಿಂದ ಮೊದಲಾದವು. ಊರೂರುಗಳಿಂದ ಬಂದ ದೂರು ಎಷ್ಟಾಯಿತೆಂದರೆ ಮದ್ರಾಸ್ ಸರ್ಕಾರ 1912ರ ಸುಮಾರಿಗೆ ಅರಣ್ಯ ಸಮಿತಿಯೊಂದನ್ನು ನೇಮಿಸಿ ಅಹವಾಲು ಕೇಳಬೇಕಾಯಿತು. ಅದರ ಫಲವಾಗಿ ಕೆಲವು ಕಾಡುಗಳನ್ನು ಊರಿನ ಪಂಚಾಯಿತಿಗಳಿಗೆ ವಹಿಸಲಾಯಿತು.

ಮರ ನೆಟ್ಟರೆ ಮಳೆ ಎಂಬ ನಂಬಿಕೆ ಸ್ವಾತಂತ್ರ್ಯದ ಅನಂತರವೂ ಹೋಗಲಿಲ್ಲ. ಅದು ಮಾಡಿದ ಹಾನಿಯೂ ಸ್ವಲ್ಪದ್ದಲ್ಲ. ಪಳನಿ ಬೆಟ್ಟದ ನೆತ್ತಿಯಲ್ಲಿ ಕಣ್ಣು ಹಾಯುವವರೆಗೂ ಹುಲ್ಲುಗಾವಲಿತ್ತು. ಮರವಿಲ್ಲದ ನೆಲವೆಂದರೆ ಪಾಳುನೆಲವೆಂದು ತಿಳಿದ ಸರ್ಕಾರ ಅದರ ಮೇಲೆ ಆಸ್ಟ್ರೇಲಿಯದ ಅಕೇಶಿಯ, ನೀಲಗಿರಿ ಮತ್ತು ಪೈನ್ ಮರಗಳನ್ನು ನೆಡಿಸಿತು. ಕಳೆದ ಅರ್ಧ ಶತಮಾನದಲ್ಲಿ ಆ ಹುಲ್ಲುಗಾವಲಿನ ಅರ್ಧಕ್ಕಿಂತ ಹೆಚ್ಚು ಭಾಗ ಮರೆಯಾಯಿತು. ನೀರನ್ನು ಹೀರಿಟ್ಟುಕೊಂಡು ತೊರೆಗಳಿಗೆ ಕೊಡುತ್ತಿದ್ದ ಹುಲ್ಲಿನ ಜಾಗದಲ್ಲಿ ನೀರನ್ನು ತಾನೇ ಕುಡಿದು ಬೆಳೆಯುವ ಮರಗಳು ನಿಂತವು. ಇಂದು ಅದೇ ಮರಗಳನ್ನು ಕೀಳಿಸುವುದು ಸರ್ಕಾರದ ಯೋಜನೆಯಾಗಿದೆ.

ಇನ್ನು ಅಣೆಕಟ್ಟು. ಮಲೆಯ ಆಚೆ ಪಡುವಣ ಸಮುದ್ರಕ್ಕೆ ಹರಿದುಹೋಗುವ ಪೆರಿಯಾರ್ ನದಿಯನ್ನು ತಡೆದು ಈಚೆಗೆ ತಿರುಗಿಸುವ ಯೋಚನೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ರಾಮನಾಡಿನ ಪ್ರಧಾನಿ ಮುತ್ತಿರುಳಪ್ಪ ಪಿಳ್ಳೆಗೆ ಬಂದಿತ್ತು. 1808ರಲ್ಲಿ ಕ್ಯಾಪ್ಟನ್ ಕಾಲ್ಡ್‌ವೆಲ್ ಬೆಟ್ಟ ಹತ್ತಿ ನೋಡಿ, ಇದು ಕೈಗೂಡದ ಕೆಲಸವೆಂದು ವರದಿ ಮಾಡಿದ. ಆಮೇಲೆಯೂ ಎಷ್ಟೋ ನಕ್ಷೆಗಳು ತಯಾರಾದವು, ಕಪಾಟು ಸೇರಿದವು. ಧಾತು ವರ್ಷದ ಹೆಣಗಳ ರಾಶಿ ಕಪಾಟಿನ ಬಾಗಿಲನ್ನು ತೆರೆಸಿತು. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಸಂಸ್ಥಾನಕ್ಕೂ ಬ್ರಿಟಿಷ್ ಸರ್ಕಾರಕ್ಕೂ ಒಪ್ಪಂದವಾಯಿತು: 8,000 ಎಕರೆ ನೆಲ, ಎಕರೆಗೆ 5 ರೂಪಾಯಿಯಂತೆ ವರ್ಷಕ್ಕೆ 40,000 ರೂಪಾಯಿ ಗೇಣಿ, 999 ವರ್ಷಗಳ ಅವಧಿ. ಮರುವರ್ಷ ಕರ್ನಲ್ ಜಾನ್ ಪೆನ್ನಿಕ್ವಿಕ್‌ನ ಮುಂದಾಳುತನದಲ್ಲಿ ಕೆಲಸ ಮೊದಲಾಯಿತು. ದಟ್ಟ ಕಾಡು, ಮಲೇರಿಯ, ಆನೆ, ಕಟ್ಟಿದ್ದನ್ನೆಲ್ಲ ಕೊಚ್ಚಿಕೊಂಡು ಹೋಗುವ ಮಳೆಗಾಲದ ಪ್ರವಾಹ ಇವುಗಳ ನಡುವೆ ಸುಣ್ಣ–ಸುರ್ಕಿಯ ಗಾರೆಯಿಂದ ಅಣೆಕಟ್ಟೆ ಎದ್ದಿತು. ಬೆಟ್ಟವನ್ನು ಒಂದು ಮೈಲಿಗಿಂತ ಹೆಚ್ಚು ದೂರ ಕೊರೆದು ಸುರಂಗ ತೆಗೆದರು. 1895ರ ಅಕ್ಟೋಬರ್ 10ರಂದು ಗವರ್ನರ್ ಲಾರ್ಡ್ ವೆನ್ಲಾಕ್ ಅದನ್ನು ಉದ್ಘಾಟಿಸಿದ. ಪಡುವಣಕ್ಕೆ ಹರಿಯುತ್ತಿದ್ದ ನದಿ ಮೂಡಣಕ್ಕೆ ಹರಿಯಿತು.

ಪೆನ್ನಿಕ್ವಿಕ್ ಇಂಗ್ಲೆಂಡಿನಲ್ಲಿದ್ದ ತನ್ನ ಆಸ್ತಿಯನ್ನು ಮಾರಿ ಈ ಕೆಲಸ ಮುಗಿಸಿದನೆಂದು ಕಣಿವೆಯ ಪ್ರತಿ ಊರಿನಲ್ಲೂ ಹೇಳುತ್ತಾರೆ. ಹಣ ಕೊಟ್ಟದ್ದು ಮದ್ರಾಸ್ ಸರ್ಕಾರ. ಕಥೆ ಕಟ್ಟಿದ್ದು ಜನರ ಕೃತಜ್ಞತೆ. ಆ ಕೃತಜ್ಞತೆಯನ್ನು ಹಗುರವಾಗಿ ಕಾಣಬಾರದು. ಮಕ್ಕಳಿಗೆ ಅವನ ಹೆಸರಿಡುತ್ತಾರೆ. ಅಂಗಡಿಗಳಲ್ಲಿ ಅವನ ಪಟವನ್ನು ದೇವರ ಪಟಗಳ ಸಾಲಿನಲ್ಲಿ ತೂಗುಹಾಕುತ್ತಾರೆ. ಅವನು ಹುಟ್ಟಿದ ಜನವರಿ 15 ಪೊಂಗಲ್ ಹಬ್ಬದೊಡನೆ ಕೂಡಿಬರುವುದರಿಂದ ಅವನ ಹೆಸರಿನಲ್ಲೇ ಪೊಂಗಲ್ ಉಕ್ಕಿಸುತ್ತಾರೆ. 2013ರಲ್ಲಿ ಲೋವರ್ ಕ್ಯಾಂಪಿನಲ್ಲಿ ಅವನಿಗೆ ಸ್ಮಾರಕ ಮಂದಿರವೂ ಆಯಿತು. ಕಂಬಂ ಕಣಿವೆಯ ಸುಮಾರು 14,700 ಎಕರೆ ಗದ್ದೆ ಇಂದು ಎರಡು ಬೆಳೆ ಕಾಣುತ್ತಿರುವುದು ಆ ನೀರಿನಿಂದ. 1959ರಲ್ಲಿ ಆಂಡಿಪಟ್ಟಿಯ ಬಳಿ ವೈಗೈ ಅಣೆಕಟ್ಟೆಯೂ ಆದ ಮೇಲೆ ಮದುರೆಯವರೆಗೂ ಆ ನೀರಿಗೆ ಒಂದು ಕ್ರಮ ಬಂತು.

ಬರಗಾಲಗಳೇನೂ ನಿಲ್ಲಲಿಲ್ಲ. 1895ರ ಅನಂತರವೂ ಹಿಂಗಾರು ಎಷ್ಟೋ ಸಲ ತಪ್ಪಿದೆ. ಆದರೆ ಧಾತು ವರ್ಷದಂತೆ ಕಣಿವೆ ಹೆಣಗಳಿಂದ ತುಂಬಲಿಲ್ಲ. ಸರ್ಕಾರ ಮುಗಿಲನ್ನು ಮುಟ್ಟಲಿಲ್ಲ. ಮುಗಿಲಿಗೂ ಹೊಟ್ಟೆಗೂ ನಡುವೆ ಒಂದು ಕೆರೆಯನ್ನು ಇಟ್ಟಿತು.

ಮೂರನೆಯದು ಸೂರ್ಯನ ಕಥೆ. ಈ ಮೂರರಲ್ಲಿ ನಮಗೆ ಹೆಚ್ಚು ಬೆರಗು ಹುಟ್ಟಿಸಿದ್ದು ಇದೇ. ಸೂರ್ಯನ ಕಲೆಗಳು ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಹೆಚ್ಚಿ ಕುಗ್ಗುತ್ತವೆ. ಅದಕ್ಕೂ ಮಳೆಗೂ ಸಂಬಂಧವಿದ್ದರೆ ಬರವನ್ನು ಮೊದಲೇ ತಿಳಿಯಬಹುದಲ್ಲ ಎಂದು ಕ್ಷಾಮದ ಅನಂತರ ವಿದ್ವಾಂಸರು ಯೋಚಿಸಿದರು. ಬಿಸಿಲು ನಿಚ್ಚಳವಾಗಿ ಬೀಳುವ ಎತ್ತರದ ಸ್ಥಳಕ್ಕಾಗಿ ಹುಡುಕಾಟ ನಡೆದು ಕಡೆಗೆ ಪಳನಿ ಬೆಟ್ಟ ಗೊತ್ತಾಯಿತು. ಚಾರ್ಲ್ಸ್ ಮಿಚಿ ಸ್ಮಿತ್ ಅದರ ಮೊದಲ ನಿರ್ದೇಶಕ. 1899ರಲ್ಲಿ ಮದ್ರಾಸಿನ ಹಳೆಯ ವೀಕ್ಷಣಾಲಯದ ಕೆಲಸ ಕೊಡೈಕನಾಲಿಗೆ ವರ್ಗವಾಯಿತು. 1901ರಿಂದ ನಿಯತವಾಗಿ ಸೂರ್ಯವೀಕ್ಷಣೆ ನಡೆಯಿತು. 1909ರಲ್ಲಿ ಜಾನ್ ಎವರ್ಷೆಡ್ ಅಲ್ಲಿಂದಲೇ ಸೂರ್ಯಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದ. ಖಗೋಳ ಗ್ರಂಥಗಳಲ್ಲಿ ಅದು ಅವನ ಹೆಸರಿನಲ್ಲೇ ಇದೆ. ಇಂದು ಆ ವೀಕ್ಷಣಾಲಯವನ್ನು ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ.

ಮಳೆಯ ಗುಟ್ಟು ಮಾತ್ರ ಸೂರ್ಯನಲ್ಲಿ ಸಿಕ್ಕಲಿಲ್ಲ. 1904ರಲ್ಲಿ ಭಾರತದ ವೀಕ್ಷಣಾಲಯಗಳ ಮುಖ್ಯಸ್ಥನಾಗಿ ಬಂದ ಗಿಲ್ಬರ್ಟ್ ವಾಕರ್ ಲೆಕ್ಕಗಳನ್ನು ಹಾಕಿ ಹಾಕಿ, ಶಾಂತಸಾಗರದ ಒಂದು ತುದಿಯಲ್ಲಿ ವಾಯುಭಾರ ಏರಿದಾಗ ಇನ್ನೊಂದು ತುದಿಯಲ್ಲಿ ಇಳಿಯುವ ತೂಗುಯ್ಯಾಲೆಯನ್ನು ಕಂಡುಕೊಂಡ. ಮುಂಗಾರಿನ ಮುನ್ಸೂಚನೆಗೆ ಇಂದಿಗೂ ಆ ಅರಿವೇ ಒಂದು ಆಧಾರಸ್ತಂಭ. ಮುನ್ಸೂಚನೆಯೂ ಸರ್ಕಾರದ ಕೆಲಸವೇ. 2018ರ ನವೆಂಬರ್ 16ರಂದು ವೇದಾರಣ್ಯದ ಬಳಿ ನೆಲಕ್ಕೆ ಬಂದ ‘ಗಜ’ ಚಂಡಮಾರುತ ಒಳನಾಡಿಗೆ ನುಗ್ಗಿ ದಿಂಡಿಗಲ್ಲನ್ನು ದಾಟಿ, ಪಳನಿ ಬೆಟ್ಟದ ಮರಗಳನ್ನೂ ರಸ್ತೆಗಳನ್ನೂ ಕೆಡವಿ ಪಡುವಣಕ್ಕೆ ಹೋಯಿತು. ಕರಾವಳಿಯ ತೆಂಗಿನ ತೋಟಗಳನ್ನು ಉಳಿಸಲಾಗಲಿಲ್ಲ. ಆದರೆ ದಿನಗಳ ಮೊದಲೇ ಎಚ್ಚರಿಕೆ ಬಂದಿದ್ದರಿಂದ ಸಾವಿರಾರು ಜನರನ್ನು ತಗ್ಗಿನ ಊರುಗಳಿಂದ ಸಾಗಿಸಲಾಯಿತು.

ಕೊಡೈಕನಾಲಿನ ಕಥೆಗೆ ಇನ್ನೊಂದು ಕವಲಿದೆ. ಆಕ್ಸ್‌ಫರ್ಡಿನ ಗಾರ್ಡನ್ ಡಾಬ್ಸನ್ ವಾತಾವರಣದ ಓಝೋನನ್ನು ಅಳೆಯುವ ಉಪಕರಣಗಳನ್ನು 1928ರಲ್ಲಿ ಯುರೋಪಿನ ಹೊರಗೆ ದೂರದೂರದ ನಾಲ್ಕು ಕಡೆಗಳಿಗೆ ಕಳುಹಿಸಿದ: ಕ್ಯಾಲಿಫೋರ್ನಿಯ, ಈಜಿಪ್ಟ್, ನ್ಯೂಜಿಲೆಂಡ್ ಮತ್ತು ಕೊಡೈಕನಾಲ್. ಯಾರಿಗೂ ಬೇಡವಾದ ಒಂದು ಅನಿಲದ ಲೆಕ್ಕ ಬೆಟ್ಟದ ಮೇಲಿನ ಒಂದು ಊರಿನಲ್ಲಿ ನಡೆಯಿತು. ಇಂಥ ಅಳತೆಗಳು ಲೋಕದ ಹಲವೆಡೆ ದಶಕಗಳ ಕಾಲ ನಡೆಯುತ್ತ ಬಂದಿದ್ದರಿಂದಲೇ, 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಝೋನ್ ಪದರ ತೆಳುವಾಗುತ್ತಿರುವುದು ಪತ್ತೆಯಾದಾಗ ಜಗತ್ತು ನಂಬಿತು. ಫ್ರಿಜ್ಜು ಮತ್ತು ಹವಾನಿಯಂತ್ರಣ ಯಂತ್ರಗಳ ಅನಿಲಗಳೇ ಕಾರಣವೆಂದು ತಿಳಿದು, 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ಲಿನಲ್ಲಿ ಸರ್ಕಾರಗಳು ಆ ಅನಿಲಗಳನ್ನು ಕೈಬಿಡುವ ಕಟ್ಟಳೆಗೆ ಸಹಿ ಹಾಕಿದವು. 1992ರಲ್ಲಿ ಭಾರತವೂ ಸೇರಿತು. ಅದು ಫಲಿಸಿತು. ಅಂಟಾರ್ಕ್ಟಿಕದ ಮೇಲಿನ ಓಝೋನ್ 2066ರ ಹೊತ್ತಿಗೆ 1980ರ ಮಟ್ಟಕ್ಕೆ ಮರಳಬಹುದೆಂದು ವಿಶ್ವಸಂಸ್ಥೆಯ 2022ರ ಪರಿಶೀಲನೆ ಹೇಳಿತು. ಆ ಅನಿಲಗಳು ಭೂಮಿಯನ್ನು ಕಾಯಿಸುವುದರಲ್ಲೂ ಪ್ರಬಲವಾದವು. ಅವುಗಳ ಜಾಗಕ್ಕೆ ಬಂದ ಅನಿಲಗಳನ್ನೂ ತಗ್ಗಿಸಲು 2016ರಲ್ಲಿ ಕಿಗಾಲಿಯಲ್ಲಿ ಆದ ತಿದ್ದುಪಡಿಯೊಂದರಿಂದಲೇ ಈ ಶತಮಾನದ ಕೊನೆಗೆ 0.3ರಿಂದ 0.5 ಡಿಗ್ರಿಯಷ್ಟು ತಾಪ ತಪ್ಪಲಿದೆ.

ಕಟ್ಟಳೆ ಮುಗಿಲನ್ನು ಮುಟ್ಟಿದ ಉದಾಹರಣೆ ಇದು. ಹೇಗೆ ಮುಟ್ಟಿತೆಂಬುದನ್ನು ಗಮನಿಸಬೇಕು: ಒಂದು ಜಿಲ್ಲೆ ಒಂದು ರಾಜ್ಯವಲ್ಲ, ಲೋಕದ ಎಲ್ಲ ಸರ್ಕಾರಗಳೂ ಒಪ್ಪಿದ್ದರಿಂದ, ತಯಾರಿಸುವ ಕಾರ್ಖಾನೆಗಳು ಬೆರಳೆಣಿಕೆಯಷ್ಟಿದ್ದದ್ದರಿಂದ, ಬದಲಿ ವಸ್ತು ಸಿಕ್ಕಿದ್ದರಿಂದ. ಕಲ್ಲಿದ್ದಲು ಮತ್ತು ಎಣ್ಣೆಯ ಹೊಗೆಗೆ ಈ ಅನುಕೂಲಗಳಿಲ್ಲ. ಅದು ಪ್ರತಿ ಮನೆಯ ದೀಪದಲ್ಲಿ, ಪ್ರತಿ ಬಸ್ಸಿನಲ್ಲಿದೆ.

ಹಾಗಾದರೆ ಕಿರಿಯರ ಪ್ರಶ್ನೆಗೆ ಏನು ಹೇಳಬೇಕು? ಗಾಳಿ ಒಂದು ಡಿಗ್ರಿ ಕಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಸುರಿಯುವಾಗ ಅದೆಲ್ಲ ಒಮ್ಮೆಲೇ ಸುರಿಯುತ್ತದೆ. ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಸಮಿತಿಯ 2021ರ ವರದಿಯ ಪ್ರಕಾರ, ಯಂತ್ರಯುಗಕ್ಕೆ ಮೊದಲು ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದಂಥ ಭಾರಿ ಮಳೆ ಇಂದು 1.3 ಪಟ್ಟು ಹೆಚ್ಚು ಸಲ ಬರುತ್ತಿದೆ. ಭೂಮಿ ಎರಡು ಡಿಗ್ರಿ ಕಾದರೆ ಅದು 1.7 ಪಟ್ಟು, ನಾಲ್ಕು ಡಿಗ್ರಿ ಕಾದರೆ 2.7 ಪಟ್ಟು ಆಗುತ್ತದೆ. ಆ 1.7ಕ್ಕೂ 2.7ಕ್ಕೂ ನಡುವಿನ ಅಂತರವನ್ನು ತೀರ್ಮಾನಿಸುವುದು ಸರ್ಕಾರಗಳ ಕಟ್ಟಳೆಗಳೇ. ಆದರೆ ಇಂಗಾಲದ ಡೈಆಕ್ಸೈಡು ಗಾಳಿಯಲ್ಲಿ ಶತಮಾನಗಳ ಕಾಲ ಉಳಿಯುವುದರಿಂದ, ನಾಳೆಯೇ ಎಲ್ಲ ಹೊಗೆ ನಿಂತರೂ ನಮ್ಮ ಅಜ್ಜಂದಿರ ಕಾಲದ ಮಳೆ ಮರಳಿ ಬರುವುದಿಲ್ಲ. ಕೇಡು ಇನ್ನಷ್ಟು ಬೆಳೆಯುವುದು ನಿಲ್ಲುತ್ತದೆ, ಅಷ್ಟೆ. ಕಾನೂನು ಮಾಡಿದ ಮರುವರ್ಷವೇ ಚಂಡಮಾರುತ ಕಡಿಮೆಯಾಗಬೇಕೆಂದು ಕಾಯುವವರು ನಿರಾಶರಾಗುತ್ತಾರೆ. ಕಡಿಮೆಯಾಗಲಿಲ್ಲವೆಂದು ಕಾನೂನನ್ನೇ ಹಳಿಯುವವರು ಲೆಕ್ಕ ತಪ್ಪುತ್ತಾರೆ. ತೇನಿಯ ಗಾಳಿಯಂತ್ರಗಳು ಈ ಲೆಕ್ಕದಲ್ಲಿ ತಮ್ಮ ಪಾಲನ್ನು ಸಲ್ಲಿಸುತ್ತಿವೆ. ಆದರೆ ಅವು ತಿರುಗಿದ್ದರಿಂದ ಕಂಬಮ್ಮಿನ ದ್ರಾಕ್ಷಿಯ ಮೇಲೆ ಅಕಾಲದಲ್ಲಿ ಬೀಳುವ ಮಳೆ ತಪ್ಪುವುದಿಲ್ಲ. ಪುಣ್ಯ ಲೋಕಕ್ಕೆ ಹಂಚಿಹೋಗುತ್ತದೆ.

ಊರಿನ ಮಟ್ಟದ ಕಟ್ಟಳೆಗಳು ಮಾಡಬಲ್ಲದ್ದು ಬಿದ್ದ ಮಳೆಯನ್ನೂ ಹೊತ್ತಿದ ಬೆಂಕಿಯನ್ನೂ ಕುರಿತದ್ದು. 1979ರಲ್ಲಿ ಗುಜರಾತಿನ ಮೋರ್ಬಿಯಲ್ಲಿ ಅಣೆಕಟ್ಟೆ ಒಡೆದ ಅನಂತರ ಮುಲ್ಲಪೆರಿಯಾರಿನ ನೀರಿನ ಮಟ್ಟವನ್ನು 136 ಅಡಿಗೆ ಇಳಿಸಲಾಯಿತು. 2014ರ ಮೇ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 142 ಅಡಿಗೆ ಅನುಮತಿ ಕೊಟ್ಟಿತು. ಆ ಆರು ಅಡಿ ಈಚಿನವರಿಗೆ ಎರಡನೆಯ ಬೆಳೆ, ಆಚಿನವರಿಗೆ ನಿದ್ದೆಗೇಡು. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ಈ ವ್ಯಾಜ್ಯ ಎಷ್ಟು ನಿಜವಾದದ್ದೆಂಬುದು ಎಲ್ಲರಿಗೂ ತಿಳಿಯಿತು. ಆಮೇಲೆ ಯಾವ ತಿಂಗಳಲ್ಲಿ ಎಷ್ಟು ಅಡಿ ನೀರಿಡಬೇಕು, ಎಷ್ಟನ್ನು ಮೊದಲೇ ಬಿಡಬೇಕು ಎಂಬ ಪಟ್ಟಿಯ ವಿಚಾರವೇ ವಾದದ ಕೇಂದ್ರವಾಯಿತು. ಎರಡು ರಾಜ್ಯಗಳ ಜನರ ಜೀವ ಒಂದು ಪಟ್ಟಿಯ ಅಂಕಿಗಳಲ್ಲಿ ನಿಂತಿರುವುದು ಸಣ್ಣ ಮಾತಲ್ಲ.

2018 ಈ ಜಿಲ್ಲೆಗೆ ಕಷ್ಟದ ವರ್ಷ. ಮಾರ್ಚ್ 11ರಂದು ಬೋಡಿನಾಯಕನೂರಿನ ಮೇಲಣ ಕುರಂಗಣಿ ಬೆಟ್ಟದಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿಗೆ ಚಾರಣಕ್ಕೆ ಬಂದಿದ್ದ ಇಪ್ಪತ್ತಕ್ಕೂ ಹೆಚ್ಚು ಜನ ಬಲಿಯಾದರು, ಬಹುಮಂದಿ ಎಳೆಯ ವಯಸ್ಸಿನವರು. ಅದೇ ವರ್ಷ ತಮಿಳುನಾಡು ಸರ್ಕಾರ ಚಾರಣಕ್ಕೆ ನಿಯಮಾವಳಿ ತಂದಿತು. 2021ರ ಫೆಬ್ರವರಿಯಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ಮೀಸಲು ಪ್ರದೇಶ ಘೋಷಣೆಯಾಯಿತು. ವೈಗೈ ನದಿಯ ಜಲಮೂಲ ಉಳಿಯಲೆಂಬುದೂ ಅದರ ಸಮರ್ಥನೆಗಳಲ್ಲೊಂದು. 2022ರ ಮಾರ್ಚಿನಲ್ಲಿ ಮದ್ರಾಸ್ ಹೈಕೋರ್ಟು ರಾಜ್ಯದ ಕಾಡುಗಳಲ್ಲಿ ದನ ಮೇಯಿಸುವುದನ್ನೇ ನಿಷೇಧಿಸಿತು; ಕೆಲವೇ ದಿನಗಳಲ್ಲಿ ಆ ಆಜ್ಞೆಯನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲುಗಳಿಗೆ ಸೀಮಿತಗೊಳಿಸಿತು. ಮೇಘಮಲೆ ಆ ಸೀಮೆಯ ಒಳಗೇ ಇದೆ.

ಇಲ್ಲಿಗೆ ನಾವು ಆರಂಭಿಸಿದ ಮಂದೆಗೆ ಮರಳುತ್ತೇವೆ. ದನಗಾಹಿಗಳು ಹೇಳುವುದಿಷ್ಟು: ಬೆಟ್ಟದ ಹುಲ್ಲನ್ನು ದನ ಮೇಯದಿದ್ದರೆ ಅದು ಬೇಸಗೆಯಲ್ಲಿ ಒಣಗಿ ಬೆಂಕಿಗೆ ಮೇವಾಗುತ್ತದೆ, ಬೆಟ್ಟವನ್ನೇ ನಂಬಿದ ಮಲೆಮಾಡಿನ ತಳಿ ಕಟ್ಟಿಹಾಕಿದರೆ ಉಳಿಯದು. ಅರಣ್ಯಶಾಸ್ತ್ರದವರ ಉತ್ತರವೂ ಗಟ್ಟಿಯಾದದ್ದೇ: ಮಂದೆ ಹೆಚ್ಚಾದರೆ ಮರಿಗಿಡ ಉಳಿಯದು, ದನದ ರೋಗ ಕಾಡುಪ್ರಾಣಿಗೆ ಹರಡುತ್ತದೆ. ಎರಡೂ ವಾದಗಳಲ್ಲಿ ಸತ್ಯವಿದೆ. ನಮಗೆ ಸರಿತೋರದೆ ಇರುವುದು ಒಂದೇ. ಬೆಟ್ಟದ ನೀರಿಗಾಗಿ ಮಾಡಿದ ಕಟ್ಟಳೆಯ ಫಲ ಮದುರೆಯ ನಲ್ಲಿಯವರೆಗೂ ಹರಿಯುತ್ತದೆ. ಅದರ ಬೆಲೆಯನ್ನು 1882ರಲ್ಲೂ 2022ರಲ್ಲೂ ಬೆಟ್ಟದ ಬುಡದ ಕೆಲವೇ ಮನೆಗಳಿಂದ ವಸೂಲು ಮಾಡಲಾಯಿತು. ಭೂಮಿಯನ್ನು ಕಾಯಿಸಿದ ಹೊಗೆಯಲ್ಲಿ ಆ ಮನೆಗಳ ಪಾಲು ಎಷ್ಟೆಂದು ಯಾರೂ ಕೇಳಲಿಲ್ಲ. 1912ರಲ್ಲಿ ಪರದೇಶಿ ಸರ್ಕಾರವೊಂದು ಸಮಿತಿ ನೇಮಿಸಿ ದೂರು ಕೇಳುವಷ್ಟು ತಾಳ್ಮೆ ತೋರಿದ್ದನ್ನು ನಮ್ಮದೇ ಸರ್ಕಾರಕ್ಕೆ ನೆನಪಿಸುವುದು ತಪ್ಪಾಗಲಾರದು.

ಪೊಂಗಲ್ಲಿನ ಮರುದಿನ, ದನಗಳ ಹಬ್ಬದಂದು, ಕಂಬಮ್ಮಿನ ನಂದಗೋಪಾಲನ ದೊಡ್ಡಿಗೆ ಸುತ್ತಣ ಊರುಗಳ ಒಕ್ಕಲು ಇಂದಿಗೂ ಬರುತ್ತಾರೆ. ಹರಕೆ ಹೊತ್ತವರು ಕರುವನ್ನು ತಂದು ಬಿಡುತ್ತಾರೆ. ಬೇರೆಯವರು ಬಾಳೆಹಣ್ಣನ್ನೋ ಕಬ್ಬನ್ನೋ ಪಟ್ಟದ ಹೋರಿಯ ಬಾಯಿಗೆ ಕೊಟ್ಟು ಹಣೆ ಮುಟ್ಟಿ ನಮಸ್ಕರಿಸುತ್ತಾರೆ. ಕಬ್ಬು ಕಣಿವೆಯದೇ ಆದರೆ, ಅದು ಸುರಂಗದಾಚೆಯಿಂದ ಬಂದ ಪೆರಿಯಾರ್ ನೀರಿನಲ್ಲಿ ಬೆಳೆದದ್ದು. ದೊಡ್ಡಿಯ ಹಿಂದೆ ಎದ್ದು ಕಾಣುವ ಬೆಟ್ಟದಲ್ಲಿ ಹಬ್ಬದ ವೇಳೆಗೆ ಹುಲ್ಲು ಒಣಗಲು ಮೊದಲಾಗಿರುತ್ತದೆ.